ಮುಂದಿನ ಸಾಲಿನ ಕುಂಡಗಳು

ಭತ್ತದ ಎಲೆ ಕೈ ಕೊಯ್ಯುತ್ತದೆ. ನೋಡಲು ಮೆತ್ತಗಿರುವ ಆ ಹಸಿರು ಪಟ್ಟಿಯ ಅಂಚಿನಲ್ಲಿ ಸಿಲಿಕಾ ಕೂತಿರುತ್ತದೆ, ಮರಳಿನಲ್ಲಿ ಗಾಜಿನಲ್ಲಿ ಇರುವಂಥದ್ದೇ. ಪೊಂಗಲ್ ರಜೆ ಮುಗಿದ ಮೇಲೆ ನಮ್ಮ ನೆಟ್ ಹೌಸಿನ, ಬಲೆ ಹೊದಿಸಿದ ಗಿಡದ ಮನೆಯ, ಪೈರು ಕೊಯ್ದು ಮುಗಿಸಿದಾಗ ನನ್ನ ಎರಡು ಮುಂಗೈಗಳ ಮೇಲೂ ಕೆಂಪು ಗೀರುಗಳಿದ್ದವು. ಹೊಸ ತಳಿ ಕೊಯ್ದಾಗ ಬಿದ್ದ ಗೀರು, ಸಾಮಾನ್ಯ ತಳಿ ಕೊಯ್ದಾಗ ಬಿದ್ದ ಗೀರು, ಎರಡರ ಉರಿಯೂ ಒಂದೇ. ನನ್ನ ಅನುಮಾನ ಹುಟ್ಟಿದ್ದು ಅಲ್ಲಿ. ಹಾಗೆಂದರೆ ಯಾರಾದರೂ ನಗುತ್ತಾರೆ, ನಕ್ಕರು ಕೂಡ.

ಹೊಸ ತಳಿ ಎಂದರೆ ನಮ್ಮ ಪ್ರಯೋಗಾಲಯದ ಹಿರಿಯ ಸಂಶೋಧಕಿ ವರ್ಷಗಟ್ಟಲೆ ಅಡ್ಡತಳಿ ಮಾಡಿ ಆರಿಸಿಕೊಂಡು ಬಂದ ಭತ್ತ. ಅವರು ರಾಯಚೂರು ಕಡೆಯವರು. ನಾನು ಚೆನ್ನೈಯಲ್ಲೇ ಬೆಳೆದ ರೈಲ್ವೆ ಕುಟುಂಬದ ಹುಡುಗಿ. ಇಡೀ ಕಟ್ಟಡದಲ್ಲಿ ಕನ್ನಡ ಮಾತಾಡುವವರು ನಾವಿಬ್ಬರೇ, ಹಾಗಾಗಿ ಅವರನ್ನು ಅಕ್ಕ ಎನ್ನುತ್ತಿದ್ದೆ. ಊರಲ್ಲಿ ಅವರ ಅಣ್ಣ ಬೋರಿನ ನೀರಲ್ಲಿ ಭತ್ತ ಬೆಳೆಯುತ್ತಾರೆ. ಆ ನೀರಿನಲ್ಲಿ ಆರ್ಸೆನಿಕ್ ಇದೆ. ಅಣ್ಣನ ಅಂಗೈ ಫೋಟೊ ಅಕ್ಕನ ಫೋನಿನಲ್ಲಿತ್ತು: ಚರ್ಮದ ಒಳಗೆ ಅಕ್ಕಿಕಾಳು ಹುದುಗಿಸಿಟ್ಟ ಹಾಗೆ ಗಟ್ಟಿ ಗಟ್ಟಿ ಚುಕ್ಕೆಗಳು. ಡಾಕ್ಟರು ಹೇಳಿದ ಮೇಲೆ ಆ ನೀರು ಕುಡಿಯುವುದನ್ನು ಬಿಟ್ಟರು. ಗದ್ದೆಗೆ ಮಾತ್ರ ಅದೇ ನೀರು, ತಟ್ಟೆಗೆ ಅದೇ ಗದ್ದೆಯ ಅಕ್ಕಿ. ಮನೆಯಲ್ಲಿ ಇಬ್ಬರು ಮಕ್ಕಳು.

ಉಳಿದ ಧಾನ್ಯಗಳಿಗಿಲ್ಲದ ಈ ಗ್ರಹಚಾರ ಭತ್ತಕ್ಕೇ ಏಕೆ? ಗದ್ದೆಯಲ್ಲಿ ನೀರು ನಿಂತರೆ ಮಣ್ಣಿಗೆ ಗಾಳಿ ಸಿಗುವುದಿಲ್ಲ. ಗಾಳಿ ಇದ್ದಾಗ ಮಣ್ಣಿನ ಕಬ್ಬಿಣದ ತುಕ್ಕು ಆರ್ಸೆನಿಕ್ಕನ್ನು ಹಿಡಿದುಕೊಂಡಿರುತ್ತದೆ. ಗಾಳಿ ಹೋದರೆ ತುಕ್ಕು ಕರಗಿ ಅದನ್ನು ಬಿಟ್ಟುಬಿಡುತ್ತದೆ. ಹೀಗೆ ಬಿಡುಗಡೆಯಾದ ಆರ್ಸೆನಿಕ್ಕಿನ ರೂಪ ಬೇರಿಗೆ ಥೇಟ್ ಸಿಲಿಕಾನಿನ, ಅಂದರೆ ಎಲೆಯಂಚಿನ ಸಿಲಿಕಾ ಆಗುವ ಧಾತುವಿನ, ಹಾಗೆ ಕಾಣುತ್ತದೆ. ಭತ್ತಕ್ಕೋ ನೆಟ್ಟಗೆ ನಿಲ್ಲಲು ಸಿಲಿಕಾನ್ ಬೇಕು, ಬಹಳವೇ ಬೇಕು. ಅದಕ್ಕೆಂದು ಬೇರಿನಲ್ಲಿ ತೆರೆದಿಟ್ಟ ಬಾಗಿಲಿನಿಂದಲೇ ಇದೂ ನುಗ್ಗಿ, ಕಾಂಡ ಹತ್ತಿ, ಕಾಳಿಗೆ ಬಂದು ಕೂರುತ್ತದೆ. ತಮ್ಮ ತಳಿ ಆರ್ಸೆನಿಕ್ಕನ್ನು ಒಳಗೆ ಬಿಡುವುದಿಲ್ಲ ಎಂಬುದು ಅಕ್ಕನ ನಂಬಿಕೆ. ಆ ಋತುವಿನ ಪ್ರಯೋಗ ಅದನ್ನು ತೋರಿಸಬೇಕಿತ್ತು. ತೋರಿಸಿದರೆ ಅಕ್ಕನ ಪ್ರಬಂಧ ಮುಗಿಯುತ್ತದೆ, ಬೀಜ ಮುಂಗಾರಿಗೆ ಅಣ್ಣನ ಹೊಲಕ್ಕೆ ಹೋಗುತ್ತದೆ.

ಕ್ರಮ ಹೀಗಿತ್ತು. ಎಲ್ಲ ಕುಂಡಗಳಿಗೂ ಒಂದೇ ಮಣ್ಣು, ಅಳೆದು ಆರ್ಸೆನಿಕ್ ಬೆರೆಸಿದ ಒಂದೇ ನೀರು. ಅರ್ಧದಷ್ಟರಲ್ಲಿ ಹೊಸ ತಳಿ, ಅರ್ಧದಷ್ಟರಲ್ಲಿ ಹೋಲಿಕೆಗೆ ಸಾಮಾನ್ಯ ತಳಿ. ಯಾವ ಕುಂಡ ಎಲ್ಲಿ ಎಂಬುದನ್ನು ಚೀಟಿ ಎತ್ತಿ ಕಲಸುಮೇಲೋಗರ ಮಾಡಿ ಇಟ್ಟಿದ್ದೆವು. ಬಿಸಿಲು, ನೆರಳು, ಗಾಳಿ, ಇವು ಒಂದೇ ತಳಿಗೆ ಅನುಕೂಲ ಮಾಡಿಕೊಡಬಾರದಲ್ಲ. ಪ್ರತಿ ಮಂಗಳವಾರ ನಾವು ಹೋಗಿ ನೀರಿನ ಆಳ ನೋಡುತ್ತಿದ್ದೆವು. ಪ್ರತಿ ಮಂಗಳವಾರವೂ ನೀರು ಸರಿಯಾಗಿಯೇ ಇರುತ್ತಿತ್ತು.

ಪೈರು ಬುಡದಿಂದ ಕವಲೊಡೆದು ತೆಂಡೆ ಹೊಡೆಯುವ ಹೊತ್ತಿಗೆ ಆಯುಧಪೂಜೆ ಬಂತು. ನಮ್ಮಲ್ಲಿ ಯಂತ್ರಗಳಿಗೆಲ್ಲ ಪೂಜೆಯಾಗುತ್ತದೆ. ಸೆಂಟ್ರಿಫ್ಯೂಜಿಗೆ ಚಂದನ, ಫ್ರೀಜರಿಗೆ ಹೂವು. ಆರ್ಸೆನಿಕ್ ಅಳೆಯುವ ದೊಡ್ಡ ಯಂತ್ರದ ಹತ್ತಿರ ಮಾತ್ರ ಕುಂಕುಮ ತರಕೂಡದೆಂದು ನಮ್ಮ ಮುಖ್ಯಸ್ಥೆ, ಮೇಡಂ, ಕಟ್ಟಪ್ಪಣೆ ಮಾಡಿದ್ದರು. ಕುಂಕುಮದಲ್ಲಿ ಸೀಸ ಇರಬಹುದು, ಒಂದು ಕಣ ಹಾರಿದರೂ ಯಂತ್ರ ಅದನ್ನು ಓದುತ್ತದೆ ಎಂದು. ಅಷ್ಟು ಎಚ್ಚರ ನಮಗೆ! ಅದೇ ದಿನ ನೆಟ್ ಹೌಸಿನಲ್ಲೂ ಪೂಜೆಯಾಯಿತು, ಫೋಟೊದಲ್ಲಿ ಚೆನ್ನಾಗಿ ಕಾಣಲೆಂದು ಎಲ್ಲರೂ ಸೇರಿ ಕುಂಡಗಳನ್ನು ಜೋಡಿಸಿದೆವು. ಹೊಸ ತಳಿ ಪೂರ್ತಿ ಮುಂದೆ, ಕಾಲುದಾರಿಯ ಪಕ್ಕ. ಸಾಮಾನ್ಯ ತಳಿ ಹಿಂದೆ. ಎರಡು ಬದಿಗೆ ಬಾಳೆಕಂದು. ರಜೆ ಮುಗಿದ ಮೇಲೆ ಮತ್ತೆ ಚದುರಿಸಿ ಇಡುವುದೆಂದು ಮಾತಾಗಿತ್ತು. ಅಷ್ಟರಲ್ಲಿ ಮಳೆ ಹಿಡಿಯಿತು. ನೀರು ತುಂಬಿದ ಕುಂಡ ಎತ್ತಿದವರಿಗೆ ಸೊಂಟದ ಪಾಡು ಗೊತ್ತು. ಎತ್ತಲಿಲ್ಲ.

ಕೊಯ್ಲಾದ ಮೇಲೆ ಕಾಳಿನ ಹೊಟ್ಟು ಬಿಡಿಸಿ, ಪುಡಿ ಮಾಡಿ, ನೈಟ್ರಿಕ್ ಆಮ್ಲದಲ್ಲಿ ಕುದಿಸಿ, ತಿಳಿಯಾದ ದ್ರವವನ್ನು ಯಂತ್ರಕ್ಕೆ ಕೊಟ್ಟೆವು. ಪರದೆಯ ಮೇಲೆ ಅಂಕಿ ಬರುತ್ತಿದ್ದ ಹಾಗೆ ಅಕ್ಕ ಕುರ್ಚಿಯಿಂದ ಎದ್ದು ನಿಂತರು. ಹೊಸ ತಳಿಯ ಕಾಳಿನಲ್ಲಿ ಆರ್ಸೆನಿಕ್ ಸಾಮಾನ್ಯ ತಳಿಯ ಅರ್ಧಕ್ಕೂ ಕಡಿಮೆ.

"ನೋಡಿದೇನ? ಬಾಯಿ ತೆಗಿ ಈಗ. ಏನಂತೀ?"

ನಾನು ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಆಡಿಕೊಂಡು ಬಂದವಳು. ಎದುರಾಳಿಯ ದುರ್ಬಲ ಮಾತಿಗಲ್ಲ, ಬಲವಾದ ಮಾತಿಗೇ ಕೈ ಹಾಕಬೇಕೆಂದು ಕಲಿಸಿದ್ದರು. ಹಾಕಿದೆ. "ಅಕ್ಕ, ಮೊದ್ಲು ಯಂತ್ರನೇ ಸರಿ ಓದಿದ್ಯಾ ನೋಡೋಣ. ಈ ಊರಿನ ನೀರಲ್ಲಿ ಉಪ್ಪು. ಉಪ್ಪಿನ ಕ್ಲೋರಿನ್, ಯಂತ್ರದೊಳಗಿನ ಆರ್ಗಾನ್ ಜೊತೆ ಸೇರಿದ್ರೆ ಆರ್ಸೆನಿಕ್ ತೂಕಾನೇ ಬರತ್ತೆ. ಹಿಂದಿನ ಸಾಲಿನ ಸಾಮಾನ್ಯ ತಳಿ ಕಾಳಲ್ಲಿ ಉಪ್ಪು ಜಾಸ್ತಿ ಇದ್ರೆ ಅದ್ರದ್ದು ಸುಮ್ಮನೆ ಜಾಸ್ತಿ ಕಾಣತ್ತೆ, ಅಷ್ಟೇ."

ಸುಳ್ಳು ತೂಕ ಸೋಸಿಹೋಗಲೆಂದು ಹೀಲಿಯಂ ಹಾಯಿಸಿ ಮತ್ತೆ ಓದಿಸಿದೆವು. ಆರ್ಸೆನಿಕ್ ಎಷ್ಟಿದೆಯೆಂದು ಮೊದಲೇ ಪ್ರಮಾಣೀಕರಿಸಿದ ಅಕ್ಕಿಹಿಟ್ಟನ್ನೂ ಜೊತೆಗಿಟ್ಟು ತಾಳೆ ನೋಡಿದೆವು. ಅಂಕಿ ಅಲುಗಲಿಲ್ಲ. ಮೊದಲ ಸುತ್ತು ನಾನು ಸೋತೆ. ಅಕ್ಕ ಅವತ್ತು ನನಗೆ ಕ್ಯಾಂಟೀನಿನಲ್ಲಿ ಬೋಂಡಾ ಕೊಡಿಸಿದರು, "ಸೋತವ್ರು ಖಾರ ತಿನ್ನಬೇಕು" ಅಂತ.

ಪ್ರಯೋಗಾಲಯದ ಸಭೆಯಲ್ಲಿ ನಾನು ಮುಂಗೈ ತೋರಿಸಿದೆ.

"ಮೇಡಂ, ಆರ್ಸೆನಿಕ್ ಬರೋದು ಸಿಲಿಕಾನ್ ಬಾಗಿಲಿಂದ. ಈ ತಳಿ ಬಾಗಿಲು ಮುಚ್ಚಿಕೊಂಡಿದ್ರೆ ಸಿಲಿಕಾನೂ ಕಡಿಮೆ ಆಗ್ಬೇಕು, ಎಲೆ ಮೆತ್ತಗಾಗ್ಬೇಕು. ಹಾಗಾದ್ರೆ ನನ್ ಕೈ ಯಾಕೆ ಕೊಯ್ತು?"

ಎಲ್ಲರೂ ನಕ್ಕರು. ಮೇಡಂ ತಮಿಳಿನಲ್ಲಿ, "ಎನ್ನಮ್ಮಾ, ಇದು ಲ್ಯಾಬಾ ಕೋರ್ಟಾ?" ಎಂದರು. ಆದರೆ ಉತ್ತರವನ್ನೂ ಕೊಟ್ಟರು, ಅದು ಒಳ್ಳೆಯ ಉತ್ತರವೇ: ಬಾಗಿಲು ತೆರೆದೇ ಇರಬಹುದು, ಒಳಗೆ ಬಂದದ್ದನ್ನು ಗಿಡ ಕಾಂಡದ ಗೆಣ್ಣಿನಲ್ಲಿ ಕೂಡಿಹಾಕಿ ಕಾಳಿಗೆ ಬಿಡದೆ ಇರಬಹುದು. ಹಾಗಿದ್ದರೆ ಹುಲ್ಲಿನಲ್ಲಿ ಆರ್ಸೆನಿಕ್ ತುಂಬಿರಬೇಕು ಎಂದೆ. "ಹಾಗಾದರೆ ಹುಲ್ಲು ಅಳೆ" ಎಂದರು.

ಅಳೆದೆ. ಹೊಸ ತಳಿಯ ಹುಲ್ಲಿನಲ್ಲೂ ಆರ್ಸೆನಿಕ್ ಕಡಿಮೆ. ನನ್ನ ಗೀರು ನಂಬಿದರೆ ಬಾಗಿಲು ಮುಚ್ಚಿಲ್ಲ, ಒಳಗೆ ಕೂಡಿಹಾಕಿಯೂ ಇಲ್ಲ. ಅಂದ ಮೇಲೆ ಬಾಗಿಲ ಹತ್ತಿರಕ್ಕೇ ಆರ್ಸೆನಿಕ್ ಬಂದಿಲ್ಲ.

ಆ ಯಂತ್ರ ಒಂದು ಸಲಕ್ಕೆ ಹಲವು ಧಾತುಗಳನ್ನು ಓದಿಡುತ್ತದೆ, ನಾವು ಕೇಳದಿದ್ದರೂ. ಹುಲ್ಲಿನ ಅಂಕಿಗಳನ್ನು ನೋಡುತ್ತಾ ಕ್ಯಾಡ್ಮಿಯಂ ಕಡೆ ಕಣ್ಣು ಹೋಯಿತು. ಯಾವ ಮಣ್ಣಿನಲ್ಲೂ ಅದು ಚೂರುಪಾರು ಇರುತ್ತದೆ, ರಂಜಕದ ಗೊಬ್ಬರದ ಜೊತೆಗೂ ಬರುತ್ತದೆ. ಅದರ ಸ್ವಭಾವ ಆರ್ಸೆನಿಕ್ಕಿಗೆ ತದ್ವಿರುದ್ಧ. ನೀರು ನಿಂತಾಗ ಮಣ್ಣಿನಲ್ಲಿ ಅಡಗುತ್ತದೆ. ನೀರು ಬಸಿದು ಗಾಳಿಯಾಡಿದರೆ ಎದ್ದು ಬೇರಿಗೆ ಬರುತ್ತದೆ. ಹೊಸ ತಳಿಯಲ್ಲಿ ಆರ್ಸೆನಿಕ್ ಎಷ್ಟು ಇಳಿದಿತ್ತೋ ಕ್ಯಾಡ್ಮಿಯಂ ಅಷ್ಟು ಏರಿತ್ತು. ಕಾಳಿನಲ್ಲೂ ಹಾಗೆಯೇ.

ಇದು ತಳಿಯ ಗುಣವಲ್ಲ, ನೀರಿನ ಗುಣ. ಕುಂಡಗಳು ಯಾವಾಗಲೋ ಒಣಗಿವೆ.

ಮಜಾ ಬರಬೇಕಿತ್ತು ನನಗೆ. ವಾದದಲ್ಲಿ ಎದುರಾಳಿಯ ಕಾಲ ಕೆಳಗಿನ ನೆಲ ಸರಿದಾಗ ಬರುವ ಆ ಮಜಾ ಗೊತ್ತಿದ್ದವಳು ನಾನು. ಬರಲಿಲ್ಲ, ಅಂಕಿಗಳ ಹಾಳೆಯನ್ನು ಅಕ್ಕನ ಮೇಜಿನ ಮೇಲಿಟ್ಟು ಕ್ಯಾಡ್ಮಿಯಂ ಸಾಲಿನ ಮೇಲೆ ಬೆರಳಿಟ್ಟೆ.

ಇಬ್ಬರೂ ನೆಟ್ ಹೌಸಿಗೆ ಹೋದೆವು. ಕೊಯ್ದ ಕೂಳೆ ಹಾಗೇ ನಿಂತಿತ್ತು. ಅಕ್ಕ ಹಿಂದಿನ ಸಾಲಿನ ಒಂದು ಕುಂಡಕ್ಕೆ ಕೈ ಹಾಕಿ ಮಣ್ಣು ಬಗೆದರು: ಕಪ್ಪು ಕೆಸರು, ಕೊಳೆತ ಮೊಟ್ಟೆಯ ವಾಸನೆ, ಗಾಳಿ ಕಾಣದ ಮಣ್ಣು ಹೇಗಿರಬೇಕೋ ಹಾಗೆ. ಮುಂದಿನ ಸಾಲಿಗೆ ಕೈ ಹಾಕಿದರು. ಕಂದು ಮಣ್ಣು, ನಡುನಡುವೆ ತುಕ್ಕಿನ ಕೆಂಪು ಗೆರೆ. ವಾಸನೆಯೇ ಇಲ್ಲ. ಮುಂದಿನ ಸಾಲಿನ ಮತ್ತೊಂದು ಕುಂಡವೂ ಹಾಗೆ. ಇನ್ನೊಂದೂ.

ಕಾಲುದಾರಿಯಲ್ಲಿ ಬರುತ್ತಿದ್ದ ಸ್ವಚ್ಛತಾ ಮೇಲ್ವಿಚಾರಕರನ್ನು ನಿಲ್ಲಿಸಿ ಕೇಳಿದೆ, ಈ ಕುಂಡಗಳಿಂದ ಯಾರಾದರೂ ನೀರು ತೆಗೆದಿದ್ದರಾ ಅಂತ.

"ಆಮಾಂ ಮೇಡಂ," ಅವರಿಗೆ ನನ್ನ ಪ್ರಶ್ನೆಯೇ ವಿಚಿತ್ರ. "ವೆಳ್ಳಿಕ್ಕಿಳಮೆ ವೆಳ್ಳಿಕ್ಕಿಳಮೆ ತೆಗೀತಿದ್ವಿ. ಡ್ರೈ ಡೇ ಅಲ್ವಾ?"

ಮಳೆಗಾಲದಲ್ಲಿ ಹಾಸ್ಟೆಲಿನಲ್ಲಿ ಡೆಂಗಿ ಬಂದು, ಶುಕ್ರವಾರ ಶುಕ್ರವಾರ ಡ್ರೈ ಡೇ, ಅವತ್ತು ಆವರಣದಲ್ಲಿ ಎಲ್ಲೂ ನೀರು ನಿಲ್ಲಬಾರದೆಂದು ಸಂಸ್ಥೆಯ ಆದೇಶವಾಗಿತ್ತು. ಆ ಸುತ್ತೋಲೆ ನನಗೂ ಬಂದಿತ್ತು, ಓದಿಯೂ ಇದ್ದೆ. ಸೊಳ್ಳೆಗೂ ಭತ್ತಕ್ಕೂ ಏನು ಸಂಬಂಧ ಎಂದು ಹೊಳೆದಿರಲಿಲ್ಲ. ತಪಾಸಣೆಯವರು ಕಾಲುದಾರಿಯಲ್ಲಿ ನಡೆದು ಬರುವಾಗ ಕಾಣುವುದು ಮುಂದಿನ ಸಾಲು. ಹಿಂದಿನ ಸಾಲಿಗೆ ಹೋಗಬೇಕೆಂದರೆ ಕುಂಡಗಳನ್ನು ದಾಟಬೇಕು, ಪೈರು ಮುರಿಯುತ್ತದೆ. ಹಾಗಾಗಿ ಶುಕ್ರವಾರ ಸಂಜೆ ನಾವೆಲ್ಲ ಹೊರಟ ಮೇಲೆ ಮುಂದಿನ ಕುಂಡಗಳ ತಳದ ರಬ್ಬರ್ ಬಿರಡೆ ಎಳೆದು ನೀರು ಬಿಟ್ಟು, ಮತ್ತೆ ಬಿಗಿದು ಹೋಗುತ್ತಿದ್ದರು. ಸೋಮವಾರ ಆರ್ಸೆನಿಕ್ ನೀರು ಹಾಕುವ ಪಾಳಿಯವರು ಮಟ್ಟ ಕಡಿಮೆಯಾದಲ್ಲೆಲ್ಲ ತುಂಬುತ್ತಿದ್ದರು, ಅವರ ಕೆಲಸವೇ ಅದು. ಮಂಗಳವಾರ ನಾವು ಅಳೆಯುತ್ತಿದ್ದೆವು. ಪೈರು ಹೊಡೆಗೆ ಬಂದಾಗ, ಹೂ ಬಿಟ್ಟಾಗ, ಕಾಳು ಕಟ್ಟುವಾಗ, ಅಂದರೆ ಕಾಳಿಗೆ ಆರ್ಸೆನಿಕ್ ಏರುವ ಹೊತ್ತಿನಲ್ಲೇ ಹೀಗಾಗಿತ್ತು, ಬೇಕೆಂದರೂ ಇದಕ್ಕಿಂತ ಕೆಟ್ಟ ಹೊತ್ತು ಸಿಗುತ್ತಿರಲಿಲ್ಲ.

ಮೇಲ್ವಿಚಾರಕರು ಗಾಬರಿಯಾದರು. "ಏನಾದ್ರೂ ತಪ್ಪಾಯ್ತಾ ಮೇಡಂ?"

"ಇಲ್ಲಣ್ಣಾ," ಎಂದೆ. ಅವರದೇನು ತಪ್ಪು? ಎರಡು ತಳಿ ಕಲಸಿಕೊಂಡಿದ್ದರೆ ಅವರು ಮುಂದಿನ ಸಾಲಿನ ಎಷ್ಟು ಬಿರಡೆ ಎಳೆದರೂ ಎರಡಕ್ಕೂ ಸಮನಾಗಿ ತಟ್ಟುತ್ತಿತ್ತು.

ಮೇಡಂ ಎಲ್ಲವನ್ನೂ ಕೇಳಿದರು. ಆಮೇಲೆ ನಿಧಾನವಾಗಿ, ನೀರಿನ ವಿಷಯವನ್ನು ಪ್ರಬಂಧದಲ್ಲಿ ಒಂದು ಮಿತಿ ಎಂದು ಬರೆಯಬಹುದು, ವ್ಯತ್ಯಾಸ ದೊಡ್ಡದಿದೆ, ಸ್ವಲ್ಪವಾದರೂ ತಳಿಯದೇ ಇರಬಹುದು, ಬೀಜ ಹೊಲಕ್ಕೆ ಹೋಗಲಿ, ಉಳಿದದ್ದನ್ನು ಹೊಲವೇ ಹೇಳುತ್ತದೆ ಎಂದರು. ಕೆಟ್ಟ ಉದ್ದೇಶದಿಂದ ಹೇಳಲಿಲ್ಲ. ಅಕ್ಕನ ಫೆಲೋಶಿಪ್ಪಿನ ಅವಧಿ ಮುಗಿಯುತ್ತಾ ಬಂದಿತ್ತು.

ಅವತ್ತು ಸಂಜೆ ಕ್ರೋಂಪೇಟೆ ಸ್ಟೇಷನ್ನಿನ ಬೆಂಚಿನ ಮೇಲೆ ಕೂತೆವು. ನನ್ನ ನುಂಗಂಬಾಕ್ಕಂ ಕಡೆಯ ರೈಲು ಬಂದು ಹೋಯಿತು. ನಾನು ಹತ್ತಲಿಲ್ಲ.

"ಖುಷಿ ಆತೇನ ನಿನಗ? ಗೆದ್ದಿ."

"ಅಕ್ಕ, ಹಂಗಲ್ಲ..."

"ಮತ್ತ ಹೆಂಗ? ನಿನ್ನ ಬಾಯಿಗಿ ಒಂದ್ ಬಿರಡಿ ಇಲ್ಲ ನೋಡು. ಆ ಕ್ಯಾಡ್ಮಿಯಂ ನೋಡಂತ ಯಾರ್ ಹೇಳಿದ್ರು ನಿನಗ?"

ನಾನು, "ಮೇಡಂ ಹೇಳಿದ ಹಾಗೆ ಬರೀಬಹುದು. ಸುಳ್ಳೇನಲ್ಲ. ಪೂರ್ತಿ ನಿಜಾನೂ ಅಲ್ಲ," ಎಂದೆ.

"ಪ್ರಬಂಧ ಓದೋರು ನಾಕು ಮಂದಿ. ಅದ್ರಾಗ ಏನ್ ಬರದ್ರೂ ನಡೀತೈತಿ. ಹೊಲಕ್ಕ ಬೀಜ ಹೋದ್ರ ನಮ್ಮಣ್ಣ ಏನಂತಾನ ಗೊತ್ತೇನು? ನನ್ನ ತಂಗಿ ಕಳಿಸ್ಯಾಳ ಅಂತಾನ. ಹೆದರಿಕಿ ಬಿಟ್ಟು ಉಣ್ತಾನ. ಈಗರ ಹುಡುಗ್ರಿಗೆ ಅರ್ಧ ಜ್ವಾಳದ ರೊಟ್ಟಿ ಹಾಕ್ತಾರ, ಅನ್ನ ಕಡಿಮಿ ಮಾಡ್ಯಾರ. ಆಮ್ಯಾಲ ಎಲ್ಡೂ ಹೊತ್ತು ಅನ್ನ ಉಣಿಸ್ತಾರ." ಅಕ್ಕ ಉಗುರಿನ ಸಂದಿಯ ಕಪ್ಪು ಮಣ್ಣನ್ನು ಕೆರೆಯುತ್ತಿದ್ದರು. "ಕೂಳಿ ಬೆಳೀ ತಗಿಯೋಣ. ಮುಂಗಾರಿಗಿಂತ ಮೊದ್ಲ ಗೊತ್ತಾಗಬೇಕು. ಅಲ್ಲೀಮಟ ಪ್ರಬಂಧಾನೂ ಬ್ಯಾಡ, ಬೀಜಾನೂ ಬ್ಯಾಡ."

ಕೊಯ್ದ ಕೂಳೆಯ ಬುಡದಿಂದ ಭತ್ತ ಮತ್ತೆ ಚಿಗುರುತ್ತದೆ. ಕಾಳು ಸಣ್ಣ, ಇಳುವರಿ ಕಡಿಮೆ, ಆದರೆ ನಮ್ಮ ಪ್ರಶ್ನೆಗೆ ಅಷ್ಟು ಸಾಕು. ಮತ್ತೆ ಚೀಟಿ ಎತ್ತಿ ಕುಂಡಗಳನ್ನು ಚದುರಿಸಿದೆವು, ಈ ಸಲ ನಾವಿಬ್ಬರೇ. ಸೊಳ್ಳೆಯ ಆದೇಶ ಮುರಿಯುವಂತಿರಲಿಲ್ಲ, ಟಿ. ನಗರಕ್ಕೆ ಹೋಗಿ ಸೊಳ್ಳೆಪರದೆಯ ಬಟ್ಟೆ ಥಾನುಗಟ್ಟಲೆ ತಂದೆವು. ಅಂಗಡಿಯವರು ಅಕ್ಕನನ್ನು ನೋಡಿ, "ಮಗೂಗೆ ತೊಟ್ಟಿಲಿಗಾ?" ಎಂದರು. ಅಕ್ಕ, "ಹೌದು, ಒಂದೆರಡಲ್ಲ, ಸಾಲುಸಾಲು ಅದಾವ," ಎಂದು ಕನ್ನಡದಲ್ಲೇ ಹೇಳಿ ನಕ್ಕರು. ಆ ತಿಂಗಳುಗಳಲ್ಲಿ ಅವರು ನಕ್ಕದ್ದನ್ನು ನಾನು ಕಂಡದ್ದು ಅದೊಂದು ಸಲ.

ಒಂದೊಂದು ಕುಂಡದ ಬಾಯಿಗೂ ಪೈರಿನ ಬುಡದ ಸುತ್ತ ಬಟ್ಟೆ ಕಟ್ಟಿದೆವು. ಬಿರಡೆಗಳಿಗೆ ಮೇಣ ಬಳಿದೆವು. ಏಪ್ರಿಲ್ ಬಿಸಿಲಿಗೆ ನೀರು ಕುದಿಯುವಂತಾಗಿ ಕೆಲವು ಪೈರು ಬೆಂದುಹೋದವು, ಕೆಲವು ತೆನೆ ಬರೀ ಜೊಳ್ಳಾದವು. ಶನಿವಾರ ಭಾನುವಾರವೂ ಸರದಿಯಲ್ಲಿ ಹೋಗಿ ನೀರು ನೋಡಿದೆವು. ಉಳಿದದ್ದನ್ನು ಕೊಯ್ದು, ಪುಡಿ ಮಾಡಿ, ಆಮ್ಲದಲ್ಲಿ ಕುದಿಸಿ, ಯಂತ್ರಕ್ಕೆ ಕೊಟ್ಟೆವು.

ಈ ಸಲ ನಾನು ಎದುರು ಪಕ್ಷದಲ್ಲಿದ್ದೆ. ನನ್ನ ಮಾತು ಸುಳ್ಳಾಗಲಿ, ಚೂರಾದರೂ ವ್ಯತ್ಯಾಸ ಇರಲಿ ಎಂದುಕೊಂಡೇ ಪರದೆ ನೋಡುತ್ತಿದ್ದೆ. ಎರಡು ತಳಿಯ ಅಂಕಿಗಳೂ ಒಂದರ ಮೇಲೊಂದು ಬಿದ್ದವು. ಹೊಸ ತಳಿ ಆರ್ಸೆನಿಕ್ಕನ್ನು ಸಾಮಾನ್ಯ ತಳಿಯಷ್ಟೇ, ಚೆನ್ನಾಗಿ, ಹೀರಿತ್ತು.

ಅಕ್ಕ ಯಂತ್ರ ಆರಿಸಿ, ನಳಿಗೆಗಳನ್ನು ತೊಳೆದು, ಒಣಗಲು ಬೋರಲಿಟ್ಟರು. ಆಮೇಲೆ ಹೊರಗೆ ಬಂದು, ಬೇವಿನ ಮರದ ಕೆಳಗೆ ನಿಂತು ಅಣ್ಣನಿಗೆ ಫೋನ್ ಮಾಡಿದರು. ಸ್ಪೀಕರ್ ಹಾಕಿದ್ದರು.

"ಅಣ್ಣಾ, ಬೀಜ ಕಳ್ಸಂಗಿಲ್ಲ."

"ಯಾಕ ತಂಗೆವ್ವ? ಸಸಿಮಡಿ ಹದ ಮಾಡಿಟ್ಟೀನಲ್ಲ."

"ಅದೂ ನಮ್ ಭತ್ತದಂಗ ಐತಿ. ವಿಷ ಎಳೀತೈತಿ." ಫೋನ್ ನನ್ನ ಕೈಗೆ ತುರುಕಿದರು. "ನೀನ ಹೇಳು. ನೀ ಚಂದ ಮಾತಾಡ್ತಿ."

ನನ್ನ ಹತ್ತಿರ ಹೇಳಲು ಒಂದು ವಿಷಯವಿತ್ತು. ಆ ಇಡೀ ಎಡವಟ್ಟಿನಿಂದ ಉಳಿದದ್ದು ಅದೊಂದೇ: ನಡುನಡುವೆ ನೀರು ಬಸಿದರೆ ಆರ್ಸೆನಿಕ್ ಇಳಿಯುತ್ತದೆ. ಕ್ಯಾಡ್ಮಿಯಂ ಏರುವ ಮಾತನ್ನೂ ಮುಚ್ಚಿಡದೆ ಹೇಳಿ, ವಾರಕ್ಕೊಮ್ಮೆ ಗದ್ದೆ ಆರಿಸಲು ಆಗುತ್ತದಾ ಎಂದು ಕೇಳಿದೆ.

"ಎಲ್ಲಿ ಆರಸ್ಲಿ ಮೇಡಂ? ನಂದು ತಗ್ಗಿನ ಹೊಲ. ಸುತ್ತಲಿನವ್ರ ನೀರೆಲ್ಲ ನಮ್ಮಲ್ಲೇ ಬಂದು ನಿಲ್ತೈತಿ. ಕಾಲುವಿ ತಗದ್ರ ಹೋಗಾಕ ಜಾಗ ಇಲ್ಲ."

"ಬೇರೆ ಬೆಳೆ? ಜೋಳ?"

"ನಿಂತ ನೀರಾಗ ಜ್ವಾಳ ಕೊಳೀತೈತ್ರಿ." ಅವರ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಉತ್ತರಿಸುವುದು ಸುಲಭವಾಗುತ್ತಿತ್ತು. "ಇದ್ದ ಅಕ್ಕೀನ ಉಣ್ಣಬೇಕು. ಅದಕ್ಕೇನರ ಉಪಾಯ ಐತೇನು?"

ಇತ್ತು. ಬೇಗ ಬೇಗ ಹೇಳಿದೆ. ಅಕ್ಕಿಯನ್ನು ಚೆನ್ನಾಗಿ ತೊಳೆದು, ತುಂಬಾ ನೀರು ಹಾಕಿ ಬೇಯಿಸಿ, ಗಂಜಿಯನ್ನು ಪೂರ್ತಿ ಬಸಿದು ಚೆಲ್ಲಬೇಕು. ಆರ್ಸೆನಿಕ್ಕಿನ ಒಂದು ಪಾಲು ಗಂಜಿಯ ಜೊತೆ ಹೋಗುತ್ತದೆ. ನೀರು ಎಷ್ಟು ಜಾಸ್ತಿ ಹಾಕಿದರೆ ಅಷ್ಟು ಒಳ್ಳೆಯದು.

ಆ ಕಡೆ ಹಿಂದೆ ಎಲ್ಲೋ ಮಗುವೊಂದು ಹಾಡು ಹೇಳುತ್ತಿತ್ತು.

"ಯಾವ ನೀರಾಗ, ಮೇಡಂ?"

ಅವರ ಮನೆಗೆ ಕುಡಿಯುವ ನೀರು ಎಣಿಸಿದ ಕೊಡಗಳಲ್ಲಿ ಬರುತ್ತದೆ. ತುಂಬಾ ಇರುವ ನೀರು ಬೋರಿನದು. ಆ ನೀರಲ್ಲಿ ಬೇಯಿಸಿದರೆ ಅನ್ನಕ್ಕೆ ಇನ್ನಷ್ಟು ಸೇರುತ್ತದೆ. ಇದು ನನಗೆ ಗೊತ್ತಿತ್ತು. ಅವರಿಗೂ ಗೊತ್ತಿತ್ತು.

ಅಕ್ಕ ಫೋನ್ ತೆಗೆದುಕೊಂಡರು. ನಾವೆಲ್ಲ ಫೋನಿನಲ್ಲಿ ಯಾವಾಗಲೂ ಕೇಳುವುದನ್ನೇ ಕೇಳಿದರು.

"ಊಟ ಆತೇನಣ್ಣಾ?"

"ಆತು ತಂಗೆವ್ವ. ಈಗಷ್ಟ ಎಲ್ಲಾರೂ ಉಂಡ್ವಿ."